ಹಳೇ ಕ್ಯಾಡಿಲಾಕ್ ಲಿಮೋಸಿನ್ ಗುರುತಿಸುವುದು ಹೇಗೆ?

ಹಳೇ ಅಮೆರಿಕನ್ ಕಾರುಗಳ ಪ್ರದರ್ಶನದಲ್ಲಿ ಉದ್ದನೆಯ ಕ್ಯಾಡಿಲಾಕ್ ಕಂಡರೆ ಎಲ್ಲರೂ ಸುಮ್ನೆ 'ಲಿಮೋಸಿನ್' ಅಂದುಬಿಡುತ್ತಾರೆ. ಆದರೆ ಕ್ಯಾಡಿಲಾಕ್‌ನ ಉದ್ದ ಕಾರುಗಳ ಸರಣಿಯಾದ ಫ್ಲೀಟ್‌ವುಡ್ 75ರಲ್ಲಿ, 1959ರಿಂದ ಈಚಿನ ಕಾರುಗಳಲ್ಲಿ, ಇದ್ದದ್ದು ಎರಡು ಮಾದರಿ. ಒಂದು ಸೆಡಾನ್, ಇನ್ನೊಂದು ಲಿಮೋಸಿನ್. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ಮೊದಲು ಟೇಪ್ ಹಿಡಿಯಿರಿ. ಫ್ಲೀಟ್‌ವುಡ್ ಅನ್ನುವ ಹೆಸರನ್ನು ಕ್ಯಾಡಿಲಾಕ್ ಬೇರೆ ಕಾರುಗಳಿಗೂ ಅಂಟಿಸುತ್ತಿತ್ತು, ಹಾಗಾಗಿ ಬ್ಯಾಡ್ಜ್ ನಂಬಬೇಡಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ. 1971ರಿಂದ 76ರವರೆಗಿನ 75 ಸರಣಿಯಲ್ಲಿ ಇದು 151.5 ಇಂಚು. ಅದೇ ಕಾಲದ ಫ್ಲೀಟ್‌ವುಡ್ ಬ್ರೋಮ್ ಎಂಬ ಇನ್ನೊಂದು ಕ್ಯಾಡಿಲಾಕ್‌ನಲ್ಲಿ 133 ಮಾತ್ರ. 1977ರಲ್ಲಿ ಕ್ಯಾಡಿಲಾಕ್‌ನ ಮಾತೃ ಕಂಪನಿ ಜಿಎಂ (ಜನರಲ್ ಮೋಟರ್ಸ್) ತನ್ನ ದೊಡ್ಡ ಕಾರುಗಳನ್ನೆಲ್ಲ ಕುಗ್ಗಿಸಿತು. ಆಮೇಲಿನ ಲಿಮೋಸಿನ್ 144.5 ಇಂಚು, ಬ್ರೋಮ್ 121.5.

ಇಸವಿ ಹೇಳುವುದು ಅಷ್ಟು ಕಷ್ಟವಲ್ಲ. 1959ರ ಕಾರಿಗೆ ಹಿಂಭಾಗದಲ್ಲಿ ಬಾಣದಂತೆ ಎದ್ದ ಎತ್ತರದ ರೆಕ್ಕೆ, ಒಂದೊಂದರ ಮೇಲೂ ಬಂದೂಕಿನ ಗುಂಡಿನಾಕಾರದ ಜೋಡಿ ಕೆಂಪು ದೀಪ. 1960ರಲ್ಲಿ ರೆಕ್ಕೆ ತಗ್ಗಿತು, ಜೋಡಿ ದೀಪವೂ ಹೋಯಿತು. 1974ರವರೆಗೆ ಹೆಡ್‌ಲೈಟ್ ದುಂಡಗೆ, 1975ರಿಂದ ಆಯತಾಕಾರ.

ಈಗ ಅಸಲಿ ಪ್ರಶ್ನೆ: ಸೆಡಾನೋ ಲಿಮೋಸಿನ್ನೋ? ಬಾಗಿಲು ತೆರೆದು ಡ್ರೈವರ್ ಸೀಟಿನ ಹಿಂದೆ ನೋಡಿ. ಲಿಮೋಸಿನ್‌ನಲ್ಲಿ ಮುಂದಿನ ಸೀಟಿಗೂ ಹಿಂದಿನವರಿಗೂ ನಡುವೆ ಮೇಲೆ ಕೆಳಗೆ ಸರಿಯುವ ಗಾಜು ಇರುತ್ತದೆ. ಸೆಡಾನ್‌ನಲ್ಲಿ ಇಲ್ಲ. ಮಡಚುವ ಸಣ್ಣ ಸೀಟುಗಳನ್ನು ನೋಡಿ ತೀರ್ಮಾನಕ್ಕೆ ಬರಬೇಡಿ, ಅವು ಎರಡರಲ್ಲೂ ಇವೆ.

ಆದರೆ ಗಾಜನ್ನು ಯಾರೋ ತೆಗೆಸಿರಬಹುದು, ಇಲ್ಲದ ಕಾರಿಗೆ ಹಾಕಿಸಿರಲೂಬಹುದು. ಅದಕ್ಕೇ ಬಾನೆಟ್ ಎತ್ತಿ. ಇಂಜಿನ್ ಹಿಂದಿನ ತಗಡಿನ ಗೋಡೆಗೆ ಹೊಡೆದಿರುವ ಪುಟ್ಟ ಪಟ್ಟಿಯಲ್ಲಿ ಬಾಡಿ ನಂಬರ್ ಇರುತ್ತದೆ. 1959ರಲ್ಲಿ ಸೆಡಾನ್ 6723, ಲಿಮೋಸಿನ್ 6733. 1970ರ ದಶಕದಲ್ಲೂ ಕೊನೆಯ ಎರಡು ಅಂಕಿ ಅವೇ: 23 ಅಂದರೆ ಗಾಜಿಲ್ಲ, 33 ಅಂದರೆ ಗಾಜಿದೆ. 1972ರಿಂದ 80ರವರೆಗಿನ ಕಾರಾದರೆ ಬಾನೆಟ್ ಎತ್ತುವ ಕಷ್ಟವೂ ಬೇಡ. ಎಡಗಡೆ, ಮುಂದಿನ ಗಾಜಿನ ಕೆಳಗೆ ಡ್ಯಾಶ್‌ಬೋರ್ಡ್ ಮೇಲೆ ಕಾಣುವ ನಂಬರ್ 6ಎಫ್23 ಅಥವಾ 6ಎಫ್33 ಎಂದು ಶುರುವಾಗುತ್ತದೆ. ನನ್ನ ಕೇಳಿದರೆ ಮಾರುವವರ ಮಾತಿಗಿಂತ ಈ ನಂಬರೇ ವಾಸಿ.

1977ರಿಂದ ಒಂದು ಗೊಂದಲ ಜಾಸ್ತಿಯಾಯಿತು. ಗಾಜಿಲ್ಲದ ಕಾರಿಗೇ ಕಂಪನಿ 'ಫ್ಲೀಟ್‌ವುಡ್ ಲಿಮೋಸಿನ್' ಅಂತ ಹೆಸರಿಟ್ಟಿತು, ಗಾಜಿರುವುದು 'ಫಾರ್ಮಲ್ ಲಿಮೋಸಿನ್' ಆಯಿತು. ಕಾಗದದಲ್ಲಿ ಲಿಮೋಸಿನ್ ಅಂತಿದ್ದರೆ ಸಾಲದು, ಫಾರ್ಮಲ್ ಅಂತಿದೆಯಾ ನೋಡಿ.

ಕೊನೆಗೆ, ಕಂಪನಿಯದ್ದೋ ಹೊರಗಿನ ಗ್ಯಾರೇಜಿನಲ್ಲಿ ಕತ್ತರಿಸಿ ಉದ್ದ ಮಾಡಿಸಿದ್ದೋ? ಹೊರಗಿನವರು ಸಾಮಾನ್ಯವಾಗಿ ಮುಂದಿನ, ಹಿಂದಿನ ಬಾಗಿಲ ನಡುವೆ ಹೊಸ ತಗಡಿನ ತುಂಡು ಸೇರಿಸುತ್ತಿದ್ದರು. 1982ರಿಂದ 84ರ ಕಾರಾದರೆ ಇಂಜಿನ್ ಕೂಡ ಸುಳಿವು ಕೊಡುತ್ತದೆ. ಆಗ ಬ್ರೋಮ್‌ಗೆ 4.1 ಲೀಟರಿನ ವಿ8 ಬಂದಿತ್ತು, ಕಂಪನಿಯ ಲಿಮೋಸಿನ್‌ಗೆ ಮಾತ್ರ ಹಳೇ 6 ಲೀಟರಿನದೇ ಉಳಿದಿತ್ತು. ಉದ್ದ ಕಾರಿನೊಳಗೆ 4.1 ಕಂಡರೆ ಅದು ಬ್ರೋಮ್ ಆಗಿ ಹುಟ್ಟಿದ ಕಾರಿರಬಹುದು, ಬೆಲೆ ಮಾತಾಡುವ ಮೊದಲು ನಂಬರ್ ನೋಡಿಕೊಳ್ಳಿ.