ಕ್ಯಾನ್ವಾಸಿನ ಕುದುರೆಗೆ ಮೈಹೊಳಪು ತರುವುದು ಹೇಗೆ?

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಶೈಲಿಯಲ್ಲಿ ತೈಲವರ್ಣದ ರೇಸ್ ಕುದುರೆ ಬರೆಯಲು ಹೊರಟವರು ಹೆಚ್ಚಾಗಿ ಎಡವುವುದು ಮೈಬಣ್ಣದಲ್ಲಿ. ಕಾಲು ತಪ್ಪಿದರೆ ಅಳೆದು ತಿದ್ದಬಹುದು. ಸುಣ್ಣ ಬಳಿದಂತಾದ ಮೈಯನ್ನು ಮಾತ್ರ ಕೆರೆದು ತೆಗೆಯಬೇಕು.

ಪಕ್ಕದಿಂದ ಕಾಣುವ, ನಿಂತ ಕುದುರೆಯನ್ನೇ ಆರಿಸಿ. ಓಡುವ ಕುದುರೆ ಬೇಡ; ಆ ಕಾಲದವರೇ ಅದರಲ್ಲಿ ತಪ್ಪಿದ್ದಾರೆ. ಫ್ರೆಂಚ್ ಚಿತ್ರಕಾರ ಜೆರಿಕೊ 1821ರಲ್ಲಿ ಬರೆದ ಎಪ್ಸಮ್ ಡರ್ಬಿ ಎಂಬ ಇಂಗ್ಲಿಷ್ ರೇಸಿನ ಚಿತ್ರದಲ್ಲಿ ಕುದುರೆಗಳು ಮುಂಗಾಲು ಹಿಂಗಾಲು ಚಾಚಿ ಹಾರುತ್ತವೆ. ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಕೂಡಿದಾಗ ಎಂದು ಛಾಯಾಗ್ರಾಹಕ ಮೈಬ್ರಿಜ್‌ನ ಫೋಟೊಗಳು ತೋರಿಸಿದ್ದು 1878ರಲ್ಲಿ.

ರೇಖೆ ಮುಗಿದ ಮೇಲೆ ಬರ್ಂಟ್ ಅಂಬರ್ ಎಂಬ ಗಾಢ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಸ್ನಾಯುಗಳ ನೆರಳನ್ನೆಲ್ಲ ಹಾಕಿ. ಪೂರ್ತಿ ಒಣಗಲಿ.

ಈಗ ನಿಜವಾದ ಕೆಲಸ. ಕೆಂಗಂದು ಕುದುರೆಗೆ ಕಂದು ಬಣ್ಣದಲ್ಲಿ ಬಿಳಿ ಬೆರೆಸಲೇಬೇಡಿ. ಮೈ ಮಂಕಾಗಿ ಗುಲಾಬಿಗೆ ತಿರುಗುತ್ತದೆ. ಬರ್ಂಟ್ ಸಿಯೆನ್ನಾ ಎಂಬ ಕೆಂಪುಗಂದು ಬಣ್ಣಕ್ಕೆ ಅಗಸೆ ಎಣ್ಣೆ ಸೇರಿಸಿ, ಕೆಳಗಿನ ನೆರಳು ಕಾಣುವಷ್ಟು ತೆಳುವಾಗಿ ಎಳೆಯಿರಿ. ಒಣಗಿದ ಮೇಲೆ ತೊಡೆ, ಭುಜ, ಪಕ್ಕೆಗಳ ಮೇಲೆ ಇನ್ನೊಮ್ಮೆ. ಮೇಲಿನ ಪದರದಲ್ಲಿ ಎಣ್ಣೆ ಹೆಚ್ಚು, ಕೆಳಗಿನದರಲ್ಲಿ ಕಡಿಮೆ ಇರಲಿ; ಅದಲುಬದಲಾದರೆ ಬಿರುಕು ಖಂಡಿತ. ಅಗ್ಗದ ವಿದ್ಯಾರ್ಥಿ ಟ್ಯೂಬುಗಳಲ್ಲಿ ಬಣ್ಣಕ್ಕಿಂತ ಬರೀ ತುಂಬಲು ಬೆರೆಸಿದ ಪುಡಿಯೇ ಜಾಸ್ತಿ, ಈ ಪದರ ಅವುಗಳಿಂದ ಕೆಸರಾಗುತ್ತದೆ. ಒಂದೇ ಟ್ಯೂಬ್ ಕೊಂಡರೂ ಒಳ್ಳೆಯ ಸಿಯೆನ್ನಾ ಕೊಳ್ಳಿ. ಬಿಟುಮೆನ್ ಎಂಬ ಡಾಂಬರಿನಂಥ ಕಂದು ಬಣ್ಣವನ್ನಂತೂ ಮುಟ್ಟಬೇಡಿ. ಆ ಕಾಲದ ಎಷ್ಟೋ ಚಿತ್ರಗಳು ಅದು ಸರಿಯಾಗಿ ಒಣಗದೆ ಸೀಳಿಹೋಗಿವೆ.

ಹೊಳಪು ಕೊನೆಗೆ. ಬೆನ್ನು ಮತ್ತು ಪೃಷ್ಠದ ಮೇಲ್ಭಾಗ ಆಕಾಶವನ್ನು ಪ್ರತಿಫಲಿಸುತ್ತದೆ, ಆದ್ದರಿಂದ ಅಲ್ಲಿನ ಬೆಳಕು ತಣ್ಣನೆಯ ನೀಲಿಬೂದು. ಅದನ್ನು ಕೂದಲು ಮಲಗಿದ ದಿಕ್ಕಿಗೇ ಎಳೆಯಿರಿ. ಹೊಟ್ಟೆಯಡಿ ಬೆಚ್ಚಗಿರಲಿ. ಕೇಸರ, ಬಾಲ, ಮಂಡಿಯ ಕೆಳಗಿನ ಕಪ್ಪಿಗೆ ಟ್ಯೂಬಿನ ಕಪ್ಪು ಬೇಡ, ಅಂಬರ್‌ಗೆ ಅಲ್ಟ್ರಾಮರೀನ್ ನೀಲಿ ಬೆರೆಸಿ. ಇಂಗ್ಲೆಂಡಿನ ಡಾನ್‌ಕಾಸ್ಟರ್‌ನ ಸೇಂಟ್ ಲೆಜರ್ ರೇಸ್ ಗೆದ್ದ ಕುದುರೆಗಳನ್ನು ವರ್ಷಗಟ್ಟಲೆ ಚಿತ್ರಿಸಿದ ಜಾನ್ ಫ್ರೆಡರಿಕ್ ಹೆರಿಂಗ್ (1795–1865) ಮೊದಲು ಕೋಚ್ ಗಾಡಿ ಓಡಿಸುತ್ತಿದ್ದವರು. ದಿನವಿಡೀ ಕುದುರೆಯ ಬೆನ್ನನ್ನೇ ನೋಡಿದ ಕಣ್ಣು ಅದು. ಅವರ ಚಿತ್ರಗಳನ್ನು ಹಿಗ್ಗಿಸಿ ನೋಡಿ ಕಲಿಯಿರಿ.

ಜಾಕಿ ಸುಲಭ. ಅಂಗಿಗೆ ಮಾಲೀಕನ ಬಣ್ಣ, ಉದ್ದ ರಿಕಾಪು (ಕಾಲಿಡುವ ಬಳೆ), ನೆಟ್ಟಗಿನ ಬೆನ್ನು. ಕುತ್ತಿಗೆಯ ಮೇಲೆ ಬಾಗಿ ಕೂರುವ ಭಂಗಿಯನ್ನು ಅಮೆರಿಕದ ಜಾಕಿ ಟಾಡ್ ಸ್ಲೋನ್ ಇಂಗ್ಲೆಂಡಿನಲ್ಲಿ ಜನಪ್ರಿಯಗೊಳಿಸಿದ್ದು 1890ರ ದಶಕದ ಕೊನೆಗೆ.

ವಾರ್ನಿಶ್‌ಗೆ ಆರು ತಿಂಗಳು ಕಾಯಿರಿ.