ಉದುರಿದ ಹಾಲುಹಲ್ಲಿನಿಂದ ರಕ್ತಸಂಬಂಧ ಪತ್ತೆ ಹೇಗೆ?

ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಹಂಚಿನ ಮೇಲೆ ಎಸೆಯುವ ರೂಢಿ ನಮ್ಮಲ್ಲಿದೆ. ಬೆಂಗಳೂರಿನಲ್ಲಿ ಹಂಚಿನ ಮಾಡು ಅಪರೂಪವಾಗಿರುವುದರಿಂದ ಈಗ ಎಷ್ಟೋ ಮನೆಗಳಲ್ಲಿ ಅದು ಬೀರುವಿನ ಡಬ್ಬಿ ಸೇರುತ್ತದೆ. ಅಪ್ಪ, ಅಮ್ಮ, ಒಡಹುಟ್ಟಿದವರು ಯಾರೆಂದು ಆ ಹಲ್ಲಿನಿಂದ ತಿಳಿಯಬಹುದು. ಆದರೆ ಮಗು ಎದುರಿಗೇ ಇದ್ದರೆ ಹಲ್ಲಿನ ಗೊಡವೆ ಬೇಡ. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಉಜ್ಜಿ ತೆಗೆದ ಮಾದರಿಯೇ ಸುಲಭ. ಮಗು ಕಾಣೆಯಾಗಿದ್ದರೆ, ತೀರಿಕೊಂಡಿದ್ದರೆ ಅಥವಾ ಹಳೆಯ ಸಂಗ್ರಹವೊಂದೇ ಉಳಿದಿದ್ದರೆ ಹಲ್ಲು ಬೇಕಾಗುತ್ತದೆ.

ತಾನಾಗಿ ಬಿದ್ದ ಹಲ್ಲನ್ನು ತಲೆಕೆಳಗು ಮಾಡಿ ನೋಡಿ. ಬೇರು ಇರಬೇಕಾದಲ್ಲಿ ಒರಟು ಅಂಚಿನ ಸಣ್ಣ ಗುಂಡಿ, ಅದರೊಳಗೆ ಕೆಲವೊಮ್ಮೆ ಕೆಂಪು-ಕಂದು ಚೂರು ಕಾಣುತ್ತದೆ. ಬೇರನ್ನು ದೇಹವೇ ಕರಗಿಸಿಬಿಟ್ಟಿರುತ್ತದೆ. ಉಳಿದ ಆ ತಿರುಳಿನ ಚೂರು ಮತ್ತು ಸುತ್ತಲಿನ ಡೆಂಟಿನ್ (ಹಲ್ಲಿನ ಒಳಗಿನ ಗಟ್ಟಿ ಪದರ) ಇವೆರಡೇ ಡಿಎನ್‌ಎ ಸಿಗುವ ಜಾಗ. ಹೊರಗಿನ ಬಿಳಿ ಹೊದಿಕೆಯಾದ ಎನಾಮಲ್‌ನಲ್ಲಿ ಜೀವಕೋಶವೇ ಇಲ್ಲ. ದಂತವೈದ್ಯರು ಕಿತ್ತ ಹಲ್ಲಿನಲ್ಲಿ ಬೇರು ಉಳಿದಿದ್ದರೆ ಡಿಎನ್‌ಎ ಫಸಲು ಚೆನ್ನಾಗಿರುತ್ತದೆ. ಮುಂಬಾಚಿಗಿಂತ ದವಡೆ ಹಲ್ಲು ಮೇಲು.

ಮನೆಯಲ್ಲಿ

ಹಲ್ಲನ್ನು ಮಗುವೇ ಎತ್ತಿ ಕಾಗದದ ಮೇಲಿಡಲಿ. ದೊಡ್ಡವರು ಮುಟ್ಟುವುದಾದರೆ ಕೈಗವಸು ಹಾಕಿಕೊಳ್ಳಿ, ಅದರ ಮೇಲೆ ಮಾತಾಡಬೇಡಿ. ಇಡೀ ಕೆಲಸದಲ್ಲಿ ಅತಿ ಅಪಾಯದ ಹೆಜ್ಜೆ ಇದೇ. ಅಮ್ಮನ ಎಂಜಲೋ ಬೆವರೋ ತಗುಲಿದರೆ ಹಲ್ಲಿನಲ್ಲಿ ಇಬ್ಬರ ಡಿಎನ್‌ಎ ಬೆರೆಯುತ್ತದೆ. ಪರಕೀಯರದಾದರೆ ಪರೀಕ್ಷೆಯ ನಕ್ಷೆಯಲ್ಲಿ ಒಂದೇ ತಾಣದಲ್ಲಿ (ಡಿಎನ್‌ಎಯಲ್ಲಿ ಅಳೆಯುವ ಜಾಗ) ನಾಲ್ಕು ಶಿಖರ ಕಾಣಬಹುದು (ಒಬ್ಬರಿಗೆ ಹೆಚ್ಚೆಂದರೆ ಎರಡು), ತಕ್ಷಣ ಅನುಮಾನ ಬರುತ್ತದೆ. ಅಮ್ಮನದ್ದಾದರೆ ಅರ್ಧ ಮಗುವಿನಲ್ಲೂ ಇರುವುದರಿಂದ ಮೂರಕ್ಕಿಂತ ಹೆಚ್ಚು ಕಾಣುವುದಿಲ್ಲ, ಕಣ್ತಪ್ಪುವುದು ಸುಲಭ. ಹಾಗಾಗಿ ಹಲ್ಲು ಮುಟ್ಟಿದ ಎಲ್ಲರ ಕೆನ್ನೆ ಮಾದರಿಯನ್ನೂ ಹೋಲಿಕೆಗೆ ಕೊಡಬೇಕು.

ಪೇಸ್ಟ್, ಡೆಟಾಲ್, ಬ್ಲೀಚ್ ಯಾವುದೂ ಬೇಡ. ಅಂಟಿದ ರಕ್ತ ಮಗುವಿನದೇ, ಇರಲಿ. ನೆರಳಿನಲ್ಲಿ ಒಂದು ದಿನ ಆರಿಸಿ, ಕಾಗದದ ಲಕೋಟೆಯಲ್ಲಿ ಹಾಕಿ, ಅದನ್ನು ಸಿಲಿಕಾ ಜೆಲ್ ಪೊಟ್ಟಣವಿರುವ ಬಿಗಿ ಡಬ್ಬಿಯಲ್ಲಿಡಿ. ಒದ್ದೆ ಹಲ್ಲನ್ನು ನೇರವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿದರೆ, ಅದರಲ್ಲೂ ನಮ್ಮ ಜುಲೈ ತಿಂಗಳ ತೇವಕ್ಕೆ, ಬ್ಯಾಕ್ಟೀರಿಯಾ ತಿರುಳನ್ನು ತಿಂದು ಮುಗಿಸುತ್ತವೆ. ಸಗಣಿಯಲ್ಲೂ ಹಾಗೆಯೇ. ಫಾರ್ಮಲಿನ್ ಡಿಎನ್‌ಎಯನ್ನು ತುಂಡರಿಸುತ್ತದೆ.

ಪ್ರಯೋಗಾಲಯದಲ್ಲಿ

ಮೇಲ್ಮೈಯನ್ನು ತೆಳು ಬ್ಲೀಚ್‌ನಿಂದ ಒರೆಸಿ, ಶುದ್ಧ ನೀರು, ಆಲ್ಕೋಹಾಲ್ ಸವರಿ, ಅಲ್ಟ್ರಾವಯಲೆಟ್ ಬೆಳಕಿಗೆ ಒಡ್ಡುತ್ತಾರೆ. ಹಾಲುಹಲ್ಲಿನ ಬುಡ ತೆರೆದಿರುವುದರಿಂದ ಬ್ಲೀಚ್‌ನಲ್ಲಿ ಮುಳುಗಿಸಕೂಡದು. ಒಳಗೆ ಇಳಿದರೆ ಇರುವಷ್ಟು ಡಿಎನ್‌ಎಯೂ ಹಾಳು. ನಂತರ ದ್ರವ ಸಾರಜನಕದಲ್ಲಿ ತಣಿಸಿ ಪುಡಿ ಮಾಡುವುದು, ಏಕೆಂದರೆ ಅರೆಯುವ ಬಿಸಿಯೇ ಡಿಎನ್‌ಎಗೆ ಶತ್ರು. ಅರ್ಧ ಪುಡಿ ಎತ್ತಿಟ್ಟು, ಉಳಿದದ್ದನ್ನು 0.5 ಮೋಲಾರ್, ಪಿಎಚ್ 8 ಇಡಿಟಿಎ (ಕ್ಯಾಲ್ಸಿಯಂನಂಥ ಲೋಹಗಳನ್ನು ಹಿಡಿದುಕೊಳ್ಳುವ ರಾಸಾಯನಿಕ) ದ್ರಾವಣದಲ್ಲಿ ಒಂದು ದಿನವೋ ಹೆಚ್ಚೋ ತಿರುಗಿಸಿದರೆ ಕ್ಯಾಲ್ಸಿಯಂ ಬಿಡುತ್ತದೆ. ಆಮೇಲೆ ಪ್ರೋಟೀನ್ ಕರಗಿಸುವ ಪ್ರೋಟಿನೇಸ್-ಕೆ ಕಿಣ್ವ ಸೇರಿಸಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡೀ ರಾತ್ರಿ ಇಟ್ಟು, ಸಿಲಿಕಾ ಕಾಲಮ್‌ನಲ್ಲಿ ತೊಳೆದು ಡಿಎನ್‌ಎ ಪಡೆಯಬೇಕು. ಇಡಿಟಿಎ ಉಳಿದುಬಿಟ್ಟರೆ ಪಿಸಿಆರ್‌ಗೆ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಬೇಕಾದ ಮೆಗ್ನೀಸಿಯಂ ಅನ್ನು ಅದು ಹಿಡಿದುಕೊಂಡು ಪ್ರಯೋಗ ಖಾಲಿ ಬರುತ್ತದೆ; ಹಲ್ಲಿನಲ್ಲಿ ಡಿಎನ್‌ಎ ಇಲ್ಲ ಎಂದು ತಪ್ಪು ತೀರ್ಮಾನಕ್ಕೆ ಬರುವುದು ಇಲ್ಲೇ. ಹಲ್ಲು ಹಾಕದ ಖಾಲಿ ನಳಿಕೆಯೊಂದನ್ನು ಜೊತೆಗೇ ನಡೆಸಲೇಬೇಕು; ಅದರಲ್ಲಿ ಡಿಎನ್‌ಎ ಕಂಡರೆ ಹೊರಗಿನದು ಸೇರಿದೆ ಎಂದರ್ಥ. ಎಸ್‌ಟಿಆರ್ ಪರೀಕ್ಷೆಗೆ (ಡಿಎನ್‌ಎಯಲ್ಲಿ ಮರುಕಳಿಸುವ ಚಿಕ್ಕ ತುಣುಕುಗಳ ಎಣಿಕೆ) ಒಂದು ನ್ಯಾನೊಗ್ರಾಂ ಮಾನವ ಡಿಎನ್‌ಎ ಸಾಕು. ಹುಳುಕು ಹಲ್ಲಿನಲ್ಲಿ ಬ್ಯಾಕ್ಟೀರಿಯಾದ್ದೂ ಸೇರಿರುವುದರಿಂದ ಮಾನವನದ್ದನ್ನೇ ಅಳೆಯುವ ಕಿಟ್ ಬೇಕು.

ಓದುವಾಗ

ಮಗುವಿಗೆ ಪ್ರತಿ ತಾಣದಲ್ಲೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಸಂಖ್ಯೆ (ತುಣುಕು ಎಷ್ಟು ಸಲ ಮರುಕಳಿಸಿದೆ ಎಂಬುದು) ಬರುತ್ತದೆ. ಅಮ್ಮ 12, 14. ಅಪ್ಪ 15, 17. ಮಗು 12, 15 ಎನ್ನಿ. ಡಿಎನ್‌ಎ ಕಡಿಮೆಯಿದ್ದು 15 ಮೂಡದೇ ಹೋದರೆ ಮಗು ಬರೀ 12 ಎಂದು ಕಾಣುತ್ತದೆ, ನಿಜವಾದ ಅಪ್ಪ ಅಪ್ಪನಲ್ಲ ಎಂದಾಗುತ್ತದೆ! ಎತ್ತಿಟ್ಟ ಅರ್ಧ ಪುಡಿಯಿಂದ ಮತ್ತೆ ಪರೀಕ್ಷಿಸದೆ ಇಂಥ ವರದಿಗೆ ಸಹಿ ಹಾಕಬಾರದು. ಒಂದು ತಾಣ ಹೊಂದದಿರುವುದು ಮ್ಯುಟೇಶನ್‌ನಿಂದಲೂ (ಡಿಎನ್‌ಎಯಲ್ಲಿ ತಾನಾಗಿ ಆಗುವ ಬದಲಾವಣೆ) ಆದೀತು. ಒಡಹುಟ್ಟಿದವರ ಲೆಕ್ಕ ಇಷ್ಟು ನೇರವಲ್ಲ: ಯಾವುದೇ ಒಂದು ತಾಣದಲ್ಲಿ ಇಬ್ಬರಿಗೂ ಅಪ್ಪ-ಅಮ್ಮನಿಂದ ಬಂದ ಎರಡೂ ಪ್ರತಿಗಳು ಒಬ್ಬರಿಂದೊಬ್ಬರಿಗೆ ಬೇರೆಯಾಗಿರುವ ಸಾಧ್ಯತೆ 25%. ಮಲಸಹೋದರರು, ಸೋದರಸಂಬಂಧಿಗಳಿಗೆ ಎಸ್‌ಟಿಆರ್ ಸಾಲದು, ಲಕ್ಷಗಟ್ಟಲೆ ಎಸ್‌ಎನ್‌ಪಿ (ಡಿಎನ್‌ಎಯ ಒಂದೊಂದೇ ಅಕ್ಷರದ ವ್ಯತ್ಯಾಸ) ಬೇಕು.

ಕುತೂಹಲಕ್ಕೆ ಅಥವಾ ಸಂಶಯಕ್ಕೆ ಮಗುವಿನ ಹಲ್ಲು ಕಳಿಸಬೇಡಿ. ಮಕ್ಕಳ ಡಿಎನ್‌ಎ ಪರೀಕ್ಷೆಯನ್ನು ಮಾಮೂಲಿಯಾಗಿ ಆದೇಶಿಸಬಾರದೆಂದು ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ಹೇಳಿದೆ. ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಮಾದರಿ ಹೋಗುವುದು ಪೊಲೀಸ್ ಅಥವಾ ನ್ಯಾಯಾಲಯದ ಮೂಲಕ. ಸಂಶೋಧನೆಗೆ ಕೊಡುವುದಾದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಹೆತ್ತವರ ಒಪ್ಪಿಗೆ ಸಾಲದು. ಏಳು ದಾಟಿದ ಮಗುವನ್ನೂ ಕೇಳಬೇಕು. ಲಕೋಟೆಯ ಮೇಲೆ ಹೆಸರಿನ ಬದಲು ಸಂಕೇತ ಸಂಖ್ಯೆ, ಹಲ್ಲು ಬಿದ್ದ ದಿನಾಂಕ, ಯಾವ ಹಲ್ಲು, ಯಾರು ಮುಟ್ಟಿದರು ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ತೇವಕ್ಕೆ ಇಂಕು ಹರಡುತ್ತದೆ.