ಗರಡಿಯ ಬೆಳಕಿನಲ್ಲಿ ಒಬ್ಬ ಪೈಲ್ವಾನ

ಗೇಮ್ ಕ್ಯಾರೆಕ್ಟರ್ ನಿಜ ಅನ್ನಿಸಬೇಕಾದರೆ ಚರ್ಮದ ರಂಧ್ರ, ಕೂದಲಿನ ಎಳೆ ಎಲ್ಲ ಜಾಸ್ತಿ ಮಾಡಬೇಕು ಅಂತ ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೆಳಕು ಎಲ್ಲಿಂದ ಬರುತ್ತಿದೆ, ಯಾಕೆ ಬರುತ್ತಿದೆ ಅನ್ನೋದು ಮೊದಲು ತೀರ್ಮಾನ ಆಗಬೇಕು. ಒಂದು ಕುಸ್ತಿ ಗೇಮಿನ ಪೋಸ್ಟರ್‌ಗೆ ಮೈಸೂರಿನ ಪೈಲ್ವಾನನನ್ನು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದಾಗ ನಾನು ಹಿಡಿದ ದಾರಿ ಇದು.

ನಮ್ಮ ಹಳೆಯ ಗರಡಿ ಮನೆ ಒಳಗೆ ಹೋದವರಿಗೆ ಗೊತ್ತು. ಬಾಗಿಲು ಗಿಡ್ಡ, ಕಿಟಕಿ ಚಿಕ್ಕದು, ಕಾಲ ಕೆಳಗೆ ಕೆಂಪು ಮಟ್ಟಿ, ಅಂದರೆ ಕುಸ್ತಿಯ ಮಣ್ಣು. ಅದಕ್ಕೇ ಒಂದೇ ಏರಿಯಾ ಲೈಟ್ (ಹಲಗೆಯ ಹಾಗೆ ಅಗಲವಾಗಿ ಬೆಳಗುವ ಲೈಟ್) ಇಟ್ಟೆ, ಕಿಟಕಿಯ ಅಳತೆಯದ್ದು. ಬಣ್ಣ, ಟೆಕ್ಸ್ಚರ್ ಏನೂ ಹಾಕದೆ ಬೂದು ಮಾಡೆಲ್ ಮೇಲೇ ಅದನ್ನು ಅಲ್ಲಿ ಇಲ್ಲಿ ಸರಿಸಿ ನೋಡಿದೆ. ಲೈಟ್ ಹತ್ತಿರ ಬಂದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ, ದೂರ ಹೋದಷ್ಟೂ ಚೂಪಾಗುತ್ತದೆ. ಚಿಕ್ಕ ಲೈಟ್‌ನಿಂದ ದೂರ ಎರಡರಷ್ಟಾದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಕಿಟಕಿ ಮುಖದ ಹತ್ತಿರ ಇದ್ದರೆ ಸಾಕು, ಕಾಲುಗಳು ತಾವಾಗೇ ಕತ್ತಲಿಗೆ ಹೋಗುತ್ತವೆ.

ಗದ್ದದ ಕೆಳಗೆ, ಪಕ್ಕೆಯ ಅಡಿಯಲ್ಲಿ ಸ್ವಲ್ಪ ಕೆಂಪು ಬೇಕಿತ್ತು. ಅದಕ್ಕಂತ ಕೆಂಪು ಲೈಟ್ ಹಾಕಲಿಲ್ಲ. ನೆಲಕ್ಕೆ ಮಟ್ಟಿಯ ಬಣ್ಣ ಕೊಟ್ಟೆ, ಅಷ್ಟೇ. ಬೆಳಕು ನೆಲಕ್ಕೆ ಬಿದ್ದು ಮೇಲಕ್ಕೆ ಪುಟಿಯುವುದನ್ನೂ ಬ್ಲೆಂಡರ್‌ನಲ್ಲಿ ಕೊನೆಯ ಚಿತ್ರ ತಯಾರಿಸುವ ಸೈಕಲ್ಸ್ ಎಂಜಿನ್ ಲೆಕ್ಕ ಹಾಕುತ್ತದೆ. ಮೈ ಆ ಜಾಗಕ್ಕೆ ಸೇರಿದ್ದು ಅನ್ನಿಸಿದ್ದು ಅಲ್ಲಿಂದಲೇ.

ಚರ್ಮಕ್ಕೆ ನನ್ನ ಗುರು ಜಗನ್ಮೋಹನ ಅರಮನೆಯಲ್ಲಿದೆ: ಎಸ್. ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ. ಅದು ಜಲವರ್ಣ ಅಂದರೆ ಈಗಲೂ ನಂಬೋದು ಕಷ್ಟ. ದೀಪಕ್ಕೆ ಅಡ್ಡ ಹಿಡಿದ ಕೈ ನೋಡಿ, ಬೆರಳುಗಳು ಒಳಗಿನಿಂದಲೇ ಕೆಂಪಗೆ ಬೆಳಗುತ್ತವೆ. ಚರ್ಮದೊಳಗೆ ಕೆಂಪು ಬೆಳಕು ಆಳಕ್ಕೆ ಹೋಗುತ್ತದೆ, ಹಸಿರು ಮತ್ತು ನೀಲಿ ಬೇಗ ಅಡಗುತ್ತವೆ. ಚರ್ಮದೊಳಗೆ ಬೆಳಕು ಎಷ್ಟು ದೂರ ಹರಡಬೇಕು ಅಂತ ಹೇಳುವ ಬ್ಲೆಂಡರ್‌ನ ಸಬ್‌ಸರ್ಫೇಸ್ ರೇಡಿಯಸ್‌ನಲ್ಲಿ ಕೆಂಪು, ಹಸಿರು, ನೀಲಿಗೆ 1, 0.2, 0.1 ಅಂತ ಇರೋದು ಇದಕ್ಕೇ. ಈ ಮೂರನ್ನೂ ಗುಣಿಸುವ ಸ್ಕೇಲ್ ಮಾತ್ರ ಕೆಲವೇ ಮಿಲಿಮೀಟರ್ ಇರಲಿ. ಹೆಚ್ಚಾದರೆ ಪೈಲ್ವಾನ ಮೇಣದ ಬೊಂಬೆಯ ಹಾಗೆ ಕಾಣುತ್ತಾನೆ. ಕಿವಿಯಲ್ಲಿ, ಮೂಗಿನ ಹೊಳ್ಳೆಯಲ್ಲಿ ಕೆಂಪು ಕಂಡರೆ ಸಾಕು.

ಪಾಠದ ವಿಡಿಯೋಗಳಲ್ಲಿ ಹೆಚ್ಚಿನವು ಬಿಳಿ ಚರ್ಮಕ್ಕೆ ಮಾಡಿದವು. ನಮ್ಮ ಮೈಬಣ್ಣದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಹೆಚ್ಚು ಹೀರುತ್ತದೆ. ಮೇಲ್ಮೈಯ ಹೊಳಪು ಮಾತ್ರ ಎಲ್ಲರ ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ. ಐಓಆರ್ (ಬೆಳಕು ಎಷ್ಟು ಬಾಗುತ್ತದೆ ಅನ್ನೋ ವಕ್ರೀಭವನ ಸೂಚ್ಯಂಕ) ಸುಮಾರು 1.4, ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 3ಕ್ಕಿಂತ ಕಡಿಮೆ ವಾಪಸ್ ಬರುತ್ತದೆ. ಕಪ್ಪು ಮೈಯಲ್ಲಿ ಆ ಹೊಳಪೇ ಎದ್ದು ಕಾಣುವುದರಿಂದ ತೋಳಿನ, ಎದೆಯ ಆಕಾರವನ್ನು ಅದೇ ಹೇಳುತ್ತದೆ. ಆದ್ದರಿಂದ ಬಹಳ ಹೊತ್ತು ಕೊಟ್ಟಿದ್ದು ರಫ್‌ನೆಸ್ ಮ್ಯಾಪ್‌ಗೆ, ಅಂದರೆ ಮೈಯ ಯಾವ ಜಾಗ ಎಷ್ಟು ಹೊಳೆಯಬೇಕು ಅಂತ ಹೇಳುವ ಚಿತ್ರಕ್ಕೆ. ಅದರಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಚೂಪು.

ಅದರಲ್ಲಿ ಒಬ್ಬ ಹಿರಿಯ ಪೈಲ್ವಾನರು ಹೇಳಿದ ಮಾತು ದಾರಿ ತೋರಿಸಿತು. "ಮಣ್ಣು ಹತ್ತಿದ ಮೈ ಹೊಳೆಯಲ್ಲ ಕಣಪ್ಪ. ಬೆವರು ಇಳಿದ ಜಾಗ ಮಾತ್ರ ಹೊಳೀತದೆ." ಸರಿ, ಮಟ್ಟಿ ಮೆತ್ತಿದ ಹೆಗಲಿಗೆ ರಫ್‌ನೆಸ್ 0.9 ಕೊಟ್ಟೆ, ಬರೀ ಚರ್ಮಕ್ಕೆ 0.45ರ ಆಸುಪಾಸು. ಕಿವಿಯ ಹಿಂದಿನಿಂದ ಕತ್ತಿಗೆ, ಅಲ್ಲಿಂದ ಎದೆಯ ನಡುವೆ ಬೆವರು ಇಳಿದ ಗೆರೆಯನ್ನು ಕೈಯಲ್ಲೇ ಬಿಡಿಸಿ 0.15ಕ್ಕೆ ಇಳಿಸಿದೆ. ಕಿಟಕಿಯ ಬೆಳಕು ಆ ಗೆರೆಯಲ್ಲಿ ಸಿಕ್ಕಿಕೊಂಡ ತಕ್ಷಣ ಎದೆಗೆ ಉಸಿರು ಬಂತು.

ಕಣ್ಣಿಗೆ ಕಾರ್ನಿಯಾ, ಅಂದರೆ ಮುಂದಿನ ಪಾರದರ್ಶಕ ಪದರ, ಬೇರೆಯೇ ಮೆಶ್ (3ಡಿ ಆಕಾರ), ಮುಂದಕ್ಕೆ ಸ್ವಲ್ಪ ಉಬ್ಬಿರಬೇಕು. ಬಿಳಿ ಭಾಗ ಪೂರ್ತಿ ಬಿಳಿ ಬೇಡ. ಲೆಕ್ಕ ಹಾಕಿದ ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ ಎಜಿಎಕ್ಸ್ ಬ್ಲೆಂಡರ್ 4.0ರಿಂದ ತಾನಾಗೇ ಇರುತ್ತದೆ, ಹೊಳಪು ಬರೀ ಬಿಳಿಯಾಗಿ ಸುಟ್ಟುಹೋಗುವುದು ಕಡಿಮೆ. ಅದನ್ನು ಬದಲಾಯಿಸಲಿಲ್ಲ.

ಬೆನ್ನ ಹಿಂದೆ ನೀಲಿ ರಿಮ್ ಲೈಟ್ (ಮೈಯ ಅಂಚನ್ನು ಬೆಳಗುವ ಲೈಟ್) ಹಾಕುವ ಚಾಳಿ ಎಲ್ಲೆಡೆ ಇದೆ. ಗರಡಿಯಲ್ಲಿ ನೀಲಿ ಬೆಳಕು ಎಲ್ಲಿಂದ ಬರಬೇಕು? ಪೋಸ್ಟರ್ ಮಾಡಿಸಿದವರು "ಎಡ ಹೆಗಲು ಕಾಣ್ತಿಲ್ಲ, ಇನ್ನೊಂದು ಲೈಟ್ ಹಾಕಿ" ಅಂದರು. ನಾನು ಆ ಕಡೆಯ ಬಾಗಿಲನ್ನು ಅರ್ಧ ತೆರೆದೆ. ಹೊರಗಿನ ಬೆಳಕು ಹೆಗಲಿನ ಅಂಚಿಗೆ ತಾಕಿತು, ಅವರೂ ಒಪ್ಪಿದರು.